ಮೌಸಿನಲ್ಲಿ ಬಿಡಿಸಿದ ರಂಗೋಲಿ

ಹೊಳೆನರಸೀಪುರ, ೧೧ ಜುಲೈ ೨೦೦೫, ಸೋಮವಾರ

ನನ್ನ ಹೆಂಡತಿ ಹಂಸನ ರಂಗೋಲಿ ಹೋಯಿತು. ಬೆಳಿಗ್ಗೆಯಿಂದ ಮನಸ್ಸು ಅಲ್ಲೇ ನಿಂತಿದೆ.

ಶಾಲೆಯ ಕಂಪ್ಯೂಟರ್ ಕೆಟ್ಟಿತ್ತು. ಹಾಸನದಿಂದ ಬಂದ ರಿಪೇರಿಯವನು, "ವೈರಸ್ ಬಂದೈತೆ ಸಾ, ಫಾರ್ಮ್ಯಾಟ್ ಮಾಡ್ಬುಡ್ಲಾ?" ಎಂದ. ಹಾಗೆಂದರೇನೆಂದು ಕೇಳಲು ನಾಚಿಕೆ. ಬಿ.ಎ. ಓದಿದ ಮೇಷ್ಟ್ರಲ್ಲವೇ, "ಡೂ ದಿ ನೀಡ್‌ಫುಲ್" ಎಂದುಬಿಟ್ಟೆ. ಒಳಗಿದ್ದದ್ದೆಲ್ಲ ಅಳಿಸಿಹೋಯಿತು. ತೀರಿಕೊಳ್ಳುವ ಮುಂಚೆ, ಮಕ್ಕಳಿಗೆ ಮೌಸ್ ಹಿಡಿಯುವುದನ್ನು ಕಲಿಸಲು ಅವಳು ಬಿಡಿಸಿದ್ದ ರಂಗೋಲಿಯೂ. ಮನೆ ಮುಂದೆ ಈಗ ರಂಗೋಲಿ ಇಲ್ಲವಲ್ಲ, ದಿನಾ ಪಾಠ ಮುಗಿಸಿ ಹೋಗಿ ಅದನ್ನೇ ತೆರೆದು ನೋಡುತ್ತಿದ್ದೆ.

ಮಧ್ಯಾಹ್ನ ಹತ್ತನೇ ಕ್ಲಾಸಿನ ಭವ್ಯಶ್ರೀ ಬಂದು, "ಬೇಜಾರ್ ಮಾಡ್ಕಬೇಡಿ ಸಾ, ಮಿಸ್ಸು ಹೇಳ್ಕೊಟ್ಟಿದ್ದು ನಂಗೆ ಬತ್ತದೆ" ಎಂದು ಕಂಪ್ಯೂಟರ್ ಮುಂದೆ ಕೂತಳು. ಒಂದು ಚುಕ್ಕಿಯೂ ತಪ್ಪಲಿಲ್ಲ. ಗೆರೆಗಳೆಲ್ಲ ನೆಟ್ಟಗೆ ಬಂದವು. "ವೆರಿ ಗುಡ್, ವೆರಿ ಗುಡ್" ಎಂದೆ.

"ಮಿಸ್ಸಿಗಿಂತ್ಲೂ ಚೆನ್ನಾಗೈತೆ ಅಲ್ವಾ ಸಾ?"

ಹೂಂ ಎಂದೆ, ಪಾಪ.

ಹಂಸನಿಗೆ ಆಗಲೇ ಕೈ ನಡುಕ ಶುರುವಾಗಿತ್ತು. ಅವಳ ಗೆರೆಯೆಲ್ಲ ಅಂಕುಡೊಂಕು. ದಿನಾ ನಾನು ನೋಡಲು ಹೋಗುತ್ತಿದ್ದದ್ದು ಆ ನಡುಕವನ್ನೇ ಅಲ್ಲವೇ. ಅದನ್ನು ಇನ್ನು ಯಾರ ಕೈಲಿ ಬರೆಸಲಿ?