ಕಂಪನಿ ಎದ್ದು ನಿಂತಿತು

ಅಪ್ಪಾ,

ನೀವು ಹೋದಲ್ಲಿಗೆ ಅಂಚೆ ಇಲ್ಲ. ಆದರೂ ಹೇಳದೆ ಇರಲಾರೆ. ಗೆದ್ದೆವು! ಬಾಯ್ಲರ್ ಸಿಡಿದದ್ದು ನಿಮ್ಮ ಕೈತಪ್ಪಿನಿಂದಲ್ಲ, ಕೆಟ್ಟುಹೋದ ವಾಲ್ವನ್ನು ಕಂಪನಿ ಬದಲಿಸದೆ ಬಿಟ್ಟದ್ದರಿಂದ ಎಂದು ಇವತ್ತು ತೀರ್ಪಾಯಿತು.

ಅವರ ವಕೀಲರ ವಾದವನ್ನು ನೀವು ಕೇಳಬೇಕಿತ್ತು. ಕಂಪನಿಗೆ ಮನಸ್ಸೇ ಇಲ್ಲವಂತೆ, ಮನಸ್ಸಿಲ್ಲದ್ದು ತಪ್ಪು ಮಾಡುವುದು ಹೇಗಂತೆ. ಹಾಗಾದರೆ ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವ ಬುದ್ಧಿ ಅದಕ್ಕೆ ಎಲ್ಲಿಂದ ಬಂತು? ನನಗೆ ಮೈಯೆಲ್ಲ ಉರಿದುಹೋಯಿತು.

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು, "ಆರೋಪಿ ಎದ್ದು ನಿಲ್ಲಲಿ" ಎಂದರು. ಯಾರೂ ಅಲುಗಲಿಲ್ಲ.

"ಆರೋಪಿ ಕಂಪನಿ, ಮೇಡಂ. ಅದು ಹೇಗೆ ನಿಲ್ಲುತ್ತೆ?" ಎಂದು ವಕೀಲರು ನಕ್ಕರು.

"ನೀವು ಗೆದ್ದಿದ್ರೆ ಈಗ ಯಾರ ಕೈ ಕುಲುಕ್ತಿದ್ರೋ, ಅವರೇ ನಿಲ್ಲಲಿ."

ಮುಂದಿನ ಸಾಲಿನಲ್ಲಿದ್ದ ಮಾಲೀಕರು ಅತ್ತಿತ್ತ ನೋಡಿ, ಕೋಟಿನ ಗುಂಡಿ ಹಾಕಿಕೊಂಡು, ನೀವು ನಿಂತಿದ್ದ ಅದೇ ಕಟಕಟೆಗೆ ಬಂದರು. ತೀರ್ಪು ಓದಿ ಮುಗಿಯುವವರೆಗೂ ನಿಂತರು. ನಡುವೆ ಕುರ್ಚಿ ಕೇಳಿದರು, ಸಿಗಲಿಲ್ಲ. ಸುಟ್ಟ ಕಾಲಿನಲ್ಲಿ ನಿಂತಿದ್ದ ನಿಮಗೂ ಸಿಕ್ಕಿರಲಿಲ್ಲ. ಕೋರ್ಟು ಭೇದ ಮಾಡುವುದಿಲ್ಲ ಎಂದು ನಾನು ವಾದಿಸಿದಾಗಲೆಲ್ಲ ನೀವು ನಗುತ್ತಿದ್ದಿರಿ. ನೋಡಿ, ಕುರ್ಚಿಯ ವಿಷಯದಲ್ಲಾದರೂ ನನ್ನ ಮಾತೇ ನಿಜವಾಯಿತು.

ನ್ಯಾಯಾಧೀಶೆ ಹೊರಟಾಗ ಎಲ್ಲರೂ ಎದ್ದರು. ಅಮ್ಮ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ.

"ಏಳಮ್ಮಾ, ಎಲ್ಲರೂ ನೋಡ್ತಿದಾರೆ" ಎಂದು ತಿವಿದೆ.

"ನೋಡ್ಲಿ ಬಿಡೇ. ಈ ಕೋರ್ಟಲ್ಲಿ ನಿಮ್ಮಪ್ಪ ನನ್ನ ಪಾಲಿಂದೂ ನಿಂತಾಗಿದೆ."