ಚಹಾದ ಮಗ್ಗು ಹಿಡಿದ ಕೈ

ತಿಕೋಟಾ
ತಾ. ೧೧-೨-೧೯೬೫

ಅಕ್ಕ ರಾಚವ್ವನ ಪಾದಕ್ಕೆ ತಂಗಿ ಪರಸವ್ವನ ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು, ಆದರೆ ಬರೆಯಲು ಕೈ ಏಳುವುದಿಲ್ಲ.

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮ ಮನೆಯವರು ಬಬಲೇಶ್ವರದಲ್ಲಿ ಆ ದುಂಡವ್ವನ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಲಡಾಯಿಯಲ್ಲಿ ಹಿಮ ತಿಂದುಹಾಕಿದ ಎಡಗೈಯ ಮೂರು ಬೆರಳೂ ತಿರುಗಿ ಬಂದಿದ್ದವು. ನಾನು ಬಾಗಿಲಲ್ಲಿ ನಿಂತರೆ, ‘ಯಾರ್ ಬೇಕಾಗಿತ್ರಿ?’ ಎಂದು ನನ್ನನ್ನೇ ಕೇಳಿದರು. ಬೆಳಗಿನ ಕನಸು ಖರೆ ಆಗುತ್ತದಂತೆ, ಹೌದೇನಕ್ಕಾ?

ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಇದನ್ನು ಬೇರೆಯವರ ಕೈಯಿಂದ ಬರೆಸುವ ಹಾಗಿಲ್ಲ.

ನೀರಿಗೆ ಹೋದಾಗ ನೀಲಾಬಾಯಿ ಎಲ್ಲರ ಮುಂದೆ ಅಂದಳು: ‘ಮೂರು ಆದಿತವಾರಾತು, ನಿನ್ನ ಗಂಡ ಬಬಲೇಶ್ವರದಾಕಿನ್ನ ಕರಕೊಂಡು ವಿಜಾಪುರದ ಟಾಕೀಜಿಗೆ ಹೊಂಟಾನ. ನೀ ಇಲ್ಲಿ ಸೆಗಣಿ ಕುಳ್ಳ ಬಡಕೋಂತ ಕುಂಡ್ರವ್ವಾ!’ ಇವರನ್ನು ಕೇಳಿದೆ. ‘ಕರೆಪ್ಪನ ಹೇಣ್ತಿ ದುಂಡವ್ವ ಅಕಿ. ಲಡಾಯಿ ಸಿನೆಮಾ ನೋಡಬೇಕಂತಾಳ’ ಅಂದರು, ಅಷ್ಟೇ. ಕರೆಪ್ಪ ಲಡಾಯಿಯಲ್ಲಿ ಇವರ ಜೊತೆಗೇ ಇದ್ದ, ಹಿಮದಲ್ಲೇ ಉಳಿದ. ಎಲ್ಲ ಗೊತ್ತು. ಸತ್ತವನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವವಳು ಎಂಥವಳು ಎಂದು ನೀನು ಬೈ. ಆದರೆ ತಿರುಗಿ ಬಂದ ಎರಡು ವರ್ಷದಲ್ಲಿ ನನ್ನನ್ನು ಭೂತನಾಳದ ಕೆರೆತನಕವೂ ಕರೆದೊಯ್ಯದವರು, ಅವಳಿಗೆ ಆದಿತವಾರಕ್ಕೊಂದು ಆಟ ತೋರಿಸಬೇಕೇ?

ಹೋದ ಆದಿತವಾರ ಸೀರೆ ನೆಪ ಹೇಳಿ ವಿಜಾಪುರಕ್ಕೆ ನಿನ್ನ ಮನೆಗೆ ಬಂದು ನಿನ್ನನ್ನು ಟಾಕೀಜಿಗೆ ಎಳೆದದ್ದು ಇದಕ್ಕೇ. ಹೆಂಗಸರ ಕಡೆ ನಮ್ಮ ಮುಂದೆ ಕೂತು ಶೇಂಗಾ ತಿನ್ನುತ್ತಿದ್ದವಳೇ ದುಂಡವ್ವ. ಹೀರೋ ಸಾಯುವಾಗ ನೀನೂ ಅತ್ತೆ, ಟಾಕೀಜೇ ಅತ್ತಿತು. ನಾನು ಮೋಟುಗೋಡೆಯ ಮೇಲಿಂದ ಗಂಡಸರ ಕಡೆ ಇಣುಕಿದೆ. ಇವರ ಕಣ್ಣು ಒಣ ಒಣ ಇದ್ದವು. ಆದರೆ ಅದಕ್ಕೂ ಮೊದಲು, ನೀನು ನೀರು ಕುಡಿಯಲು ಹೊರಗೆ ಹೋದಾಗ, ಸಿನೆಮಾದ ನಡುವೆ ಲಡಾಯಿಯಲ್ಲೇ ಚಿತ್ರ ತೆಗೆದ ಖರೇ ಸಿಪಾಯಿಗಳನ್ನು ತೋರಿಸಿದರು. ಹಿಮದಲ್ಲಿ ಕೂತು ಚಹಾ ಕುಡಿಯುತ್ತಾರೆ, ಒಬ್ಬ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಾನೆ. ಎರಡು ಉಸಿರಿನಷ್ಟು ಹೊತ್ತು. ಯಾರೂ ಅಳಲಿಲ್ಲ. ಇವರು ಮಾತ್ರ ಮೊಣಕಾಲಲ್ಲಿ ಮುಖ ಇಟ್ಟಿದ್ದರು.

ಆಗಲೇ ದುಂಡವ್ವ ಹಿಂದೆ ತಿರುಗಿ, ನಾನು ಯಾರೆಂದು ಅರಿಯದೆ, ನನ್ನ ತೊಡೆ ಮುಟ್ಟಿದಳು. ‘ನೋಡ್ರೆವ್ವಾ, ನಗಾಕತ್ತಾರಲ್ಲ, ಅವರ ನಮ್ಮವರು! ಹದಿನೆಂಟ ದಿನ ಸಂಸಾರ ಮಾಡೇನಿ, ಒಂದು ಫೋಟೋ ಇಲ್ಲ, ಮಾರಿ ಮರ್ತಿದ್ದೆ. ಅವರ ಗೆಳ್ಯಾರು ತೋರಿಸಿದ್ರು.’ ನಿಬ್ಬಣದಲ್ಲಿ ಬಂದ ಮದುಮಗಳ ಹಾಗೆ ಅವಳ ಮುಖ ಅರಳಿತ್ತು.

ಅಕ್ಕಾ, ಅದು ಕರೆಪ್ಪ ಅಲ್ಲ. ನಮ್ಮ ಮನೆಯವರು. ಉಣ್ಣೆ ಟೊಪ್ಪಿಗೆ ಹುಬ್ಬಿನ ಮೇಲೆ ಇಳಿದಿದ್ದರೂ ಆ ನಗು ನನಗೆ ಗೊತ್ತಿಲ್ಲವೇ? ಮಗ್ಗು ಎಡಗೈಯಲ್ಲಿತ್ತು. ಸಣ್ಣವರಿದ್ದಾಗ ಅತ್ತೆ ಬರೆ ಹಾಕಿದರೂ ಇವರ ಎಡಚತನ ಹೋಗಿರಲಿಲ್ಲ, ಹಿಮದಿಂದಲೇ ಹೋಯಿತು. ‘ಏನ ಬೇ, ಅಂವ ನನ್ನ ಗಂಡ!’ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಒಂದು ಹಿಡಿ ಶೇಂಗಾ ಕೊಟ್ಟಳು. ಅದನ್ನೇ ತಿಂದೆ.

ಮರುದಿನ ಸಂಜೆ ಮನೆಯಲ್ಲಿ ಇವರ ಮುಂದೆ ಚಹಾ ಇಟ್ಟು ಕೇಳಿದೆ: ‘ಕರೆಪ್ಪ ಎಡಚ ಇದ್ದನೇನ್ರಿ?’ ಬಲಗೈಯಲ್ಲಿನ ಬಟ್ಟಲು ಬಾಯಿಯ ಹತ್ತಿರ ನಿಂತಿತು. ‘ಇಲ್ಲ’ ಅಂದರು. ಆಮೇಲೆ, ‘ಎಲ್ಲಿ ಅದಾರ, ಎಲ್ಲಿ ಅದಾರ ಅಂತ ಕೇಳಾಕತ್ತಿದ್ಲು. ಏನ್ ತೋರಸ್ಲಿ?’ ಎಂದು ಚಹಾ ಬಿಟ್ಟು ಎದ್ದು ಹೋದರು.

ಎರಡು ವರ್ಷದಿಂದ ಈ ಮನೆಯಲ್ಲಿ ಆ ನಗು ಇಲ್ಲ ಅಕ್ಕಾ. ಅವಳಿಗೆ ಮಾತ್ರ ವಾರಕ್ಕೊಮ್ಮೆ ಇದೆ.

ನಿನ್ನ ತಂಗಿ,
ಪರಸವ್ವ

ತಾ.ಕ.: ಅವತ್ತು ನಿನ್ನ ಮನೆಯಲ್ಲಿ ತಲೆನೋವೆಂದು ಹೊದ್ದು ಮಲಗಿ ಅತ್ತೆನಲ್ಲ, ದುಂಡವ್ವನ ಮೇಲಿನ ಸಿಟ್ಟಿಗೆ ಅಲ್ಲ. ಆ ನಗುವನ್ನು ನಾನೂ ಮರೆತಿದ್ದೆ. ಅವಳು ತೋರಿಸದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಈ ಆದಿತವಾರಕ್ಕೆ ಆ ಚಿತ್ರ ಹೋಗುತ್ತದಂತೆ, ಅದರೊಳಗೆ ನೀನು ಇನ್ನೊಮ್ಮೆ ಟಾಕೀಜಿಗೆ ಹೋಗು. ಎಡಗೈ ಆಗಿದ್ದರೂ ಅವಳಿಗೆ ಹೇಳಬೇಡ, ಕಾರ್ಡಿನ ಮೇಲೆ ಎಡ, ಬಲ ಎಂದಷ್ಟೇ ನನಗೆ ಬರಿ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ನೀರಿಗೆ ಏಳದೆ ಕೂತು, ಮಗ್ಗು ಯಾವ ಕೈಯಲ್ಲಿದೆ ನೋಡು.