ನೆಸ್ಟಾಳ ಕಲ್ಲಿನ ಮೇಲೆ ಇಂಗ್ಲೆಂಡ್

ಗೆರ್ಲಾನ್, ಬೆಥೆಸ್ಡಾ,
ಉತ್ತರ ವೇಲ್ಸ್. (ಇಂಗ್ಲೆಂಡ್ ಅಲ್ಲ.)
೧೨ ಮಾರ್ಚ್ ೧೯೯೬

ಪ್ರೀತಿಯ ಕರ್ಟಿಸ್,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದರೇ? ಚಿಕ್ಕವಳು ಅಜ್ಜಿಯ ಕೋಣೆಯ ಬಾಗಿಲು ಮುಚ್ಚಲು ಬಿಡುತ್ತಿಲ್ಲವೆಂದು ಬರೆದಿದ್ದೆ. ಬಿಡು, ತೆರೆದೇ ಇರಲಿ, ಅವಸರವೇನಿದೆ? ಇಲ್ಲಿ ನಾನೂ ನಿನ್ನ ಮೇಗನ್ ಅತ್ತೆಯೂ ಇದ್ದೇವೆ. ಅವಳಿಗೆ ಮೊಣಕಾಲು, ನನಗೆ ಕಲ್ಲುಗಣಿಯ ದೂಳು ಕುಡಿದ ಎದೆ, ಎರಡೂ ನಮ್ಮ ಮಾತು ಕೇಳುವುದನ್ನು ಬಿಟ್ಟಿವೆ. ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಬಯ್ಯಲು ಶುರು ಮಾಡುತ್ತೇನೆ, ಕುರ್ಚಿ ಎಳೆದುಕೊಂಡು ಕೂತುಕೋ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಿನಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಬರೆಯಬೇಕು, ಸಿಟ್ಟು ಬಂದಾಗ ಆ ಭಾಷೆ ನನ್ನ ಕೈಗೆ ಸರಿಯಾಗಿ ಸಿಗುವುದಿಲ್ಲ. ಒರಟಾಗಿ ಕಂಡರೆ ಕಾಣಲಿ.

ನನ್ನ ಅಕ್ಕ, ನಿನ್ನ ಅಮ್ಮನ ಸಮಾಧಿಯ ಫೋಟೋ ಅಮೆರಿಕದಿಂದ ಬಂತು. ಗುಲಾಬಿ ಬಣ್ಣದ ಗ್ರಾನೈಟು, ಕನ್ನಡಿಯಂತೆ ಹೊಳೆಯುತ್ತಿದೆ. ಅದರ ಮೇಲೆ ‘ನೆಸ್ಟಾ ಹಾಲ್ಡರ್‌ಮನ್, ಜನನ ೧೯೨೪, ವೇಲ್ಸ್, ಇಂಗ್ಲೆಂಡ್’ ಎಂದು ಕೆತ್ತಿಸಿದ್ದೀಯ. ನಾನು ವಾರವಿಡೀ ಗಣಿಯಲ್ಲಿ ಸ್ಲೇಟು ಕಲ್ಲು ಸೀಳಿ, ಶನಿವಾರ ಶನಿವಾರ ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೆತ್ತಿದವನು. ನಲವತ್ತು ವರ್ಷ ಇದನ್ನೇ ಮಾಡಿದೆ. ಒಂದು ಹೆಸರು ಕೆತ್ತುವ ಮುಂಚೆ ಸತ್ತವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು, ಮೂರು ಸಲ ಕೇಳಿಕೊಂಡು ಬರುತ್ತಿದ್ದೆ. ನೀನು ಯಾರನ್ನು ಕೇಳಿದೆ? ಕೆನಡಾದಲ್ಲಿ ಹುಟ್ಟಿದ ಯಾರದಾದರೂ ಕಲ್ಲಿನ ಮೇಲೆ ‘ಕೆನಡಾ, ಅಮೆರಿಕ’ ಎಂದು ಕೆತ್ತಿಸಿ ನೋಡು, ಅವನ ಮನೆಯವರು ನಿನ್ನನ್ನು ಸುಮ್ಮನೆ ಬಿಡುತ್ತಾರೇನೋ. ಸಾಲದ್ದಕ್ಕೆ ಶವಸಂಸ್ಕಾರದ ಕಾರ್ಡಿನ ಮೇಲೆ ಕರ್ನಾರ್ವನ್ ಕೋಟೆಯ ಚಿತ್ರ, ಕೆಳಗೆ ‘ಅವಳ ಪೂರ್ವಜರ ನಾಡು’ ಎಂಬ ಒಕ್ಕಣೆ! ಆ ಕೋಟೆ ಕಟ್ಟಿಸಿದವನು ಇಂಗ್ಲೆಂಡಿನ ರಾಜ. ನಮ್ಮನ್ನು ತುಳಿದಿಡಲಿಕ್ಕೇ ಕಟ್ಟಿಸಿದ್ದು. ಆ ಗೋಡೆಗಳ ಒಳಗೆ ನಮ್ಮವರು ಮನೆ ಮಾಡಲೂ ಬಿಡುತ್ತಿರಲಿಲ್ಲ. ಇನ್ನೊಂದು ಫೋಟೋದಲ್ಲಿ ಶವಪೆಟ್ಟಿಗೆಯ ಮೇಲೆ ಹೊದಿಸಿದ ಬ್ರಿಟನ್ನಿನ ಬಾವುಟವನ್ನಂತೂ ನೋಡಲಾಗಲಿಲ್ಲ. ಅದರಲ್ಲಿ ಇಂಗ್ಲೆಂಡಿನವರ ಶಿಲುಬೆಯಿದೆ, ಸ್ಕಾಟ್ಲೆಂಡಿನವರದಿದೆ, ಐರ್ಲೆಂಡಿನದೂ ಇದೆ. ನಮ್ಮದೆಂದು ಒಂದು ನೂಲೆಳೆ ಇದ್ದರೆ ತೋರಿಸು.

ಹೋದ ವಾರ ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೊರಟರೆ ನೀನು ಏನೆಂದೆ? “ಮಾವ, ಎಲ್ಲಾ ಒಂದೇ ಅಲ್ವಾ? ಒಬ್ಬಳೇ ರಾಣಿ, ಒಂದೇ ಪಾಸ್‌ಪೋರ್ಟು. ಇಲ್ಲಿ ಯಾರಿಗೆ ಗೊತ್ತಾಗತ್ತೆ ಬಿಡಿ!” ಆಗ ಫೋನು ಸತ್ತಿತಲ್ಲ, ಲೈನು ಕೆಟ್ಟಿತೆಂದುಕೊಂಡಿರಬೇಕು ನೀನು. ಲೈನು ಚೆನ್ನಾಗಿಯೇ ಇತ್ತು. ಫೋನು ಕುಕ್ಕಿದ್ದು ನಾನೇ.

ಎಪ್ಪತ್ತನಾಲ್ಕರಲ್ಲಿ ನೀನು ಎರಡು ದಿನದ ಮಟ್ಟಿಗೆ ಇಲ್ಲಿಗೆ ಬಂದದ್ದು ನೆನಪಿದೆಯೇ? ಬೆಳಗಿನ ತಿಂಡಿಗೆ ಕೂತವನು, “ರಾಣಿ ಮನೆ ಎಷ್ಟು ದೂರ? ಅದನ್ನ ನೋಡ್ಕೊಂಡು, ಹಾಗೇ ಸ್ಕಾಟ್ಲೆಂಡಿಗೂ ಒಂದ್ ಸುತ್ತು ಹೋಗಿ, ಊಟದ ಹೊತ್ತಿಗೆ ಬಂದ್ಬಿಡ್ತೀನಿ” ಎಂದೆ. ಮೇಗನ್ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು. ಆಗ ನಾವು ಸಿಟ್ಟಾಗಲಿಲ್ಲ. ಹೊರಗಿನ ಹುಡುಗ, ನಕ್ಷೆ ನೋಡಿಲ್ಲ ಎಂದುಕೊಂಡೆವು. ಕಸಾಯಿ ಅಂಗಡಿಯಿಂದ ಬಂದವನು ಮುಖ ಊದಿಸಿಕೊಂಡು, “ನಾನು ಒಳಗೆ ಹೋದ ತಕ್ಷಣ ಎಲ್ಲರೂ ಇಂಗ್ಲಿಷ್ ಬಿಟ್ಟು ಅದೇನೋ ಗೊಣಗೊಣ ಶುರು ಮಾಡಿದ್ರು, ನನ್ನನ್ನೇ ಆಡಿಕೊಳ್ತಿದ್ರು” ಎಂದು ದೂರಿದೆ. ಆಡಿಕೊಳ್ಳಲು ನಿನ್ನಲ್ಲಿ ಏನಿತ್ತು ಮಾರಾಯ? ಅವರು ಬೆಳಗಿನಿಂದ ಅದೇ ನಮ್ಮ ವೆಲ್ಷ್ ಭಾಷೆಯಲ್ಲಿ ಮಾಂಸ ಕೊಳ್ಳುತ್ತಿದ್ದರು. ನಿನ್ನನ್ನು ನೋಡಿದ ಮೇಲೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿದರಲ್ಲ, ಅದೇ ನಿನಗೆ ಮಾಡಿದ ಮರ್ಯಾದೆ. ಇದನ್ನು ನಿನಗೆ ಅವತ್ತೇ ಹೇಳಬೇಕಿತ್ತು. ಅತಿಥಿ ಎಂದು ಬಾಯಿ ಮುಚ್ಚಿಕೊಂಡದ್ದು ನನ್ನ ತಪ್ಪು.

ಇಲ್ಲಿಯವರೆಗಿನ ಸಿಟ್ಟು ಹೇಗೋ ತಣಿಯುತ್ತಿತ್ತು. ಆದರೆ ಫೋಟೋದ ಜೊತೆ ನೀನು ಒಂದು ಕ್ಯಾಸೆಟ್ಟನ್ನೂ ಕಳಿಸಿದೆಯಲ್ಲ! ‘ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಅರ್ಥವಿಲ್ಲದ ಶಬ್ದ ಮಾಡುತ್ತಿದ್ದಳು. ಡಾಕ್ಟರು ಮಾತಿನ ಶಕ್ತಿ ಹೋಗಿದೆ ಎಂದರು. ಆದರೂ ಅದು ಅವಳ ದನಿ, ನಿಮಗೆ ಇರಲಿ’ ಎಂದು ಬರೆದಿದ್ದೆ. ಭಾನುವಾರ ಊಟವಾದ ಮೇಲೆ ಮೇಗನ್ ಮತ್ತು ನಾನು ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತೆವು.

ಕರ್ಟಿಸ್, ನಿನ್ನ ಅಮ್ಮನ ಬುದ್ಧಿ ಕೆಟ್ಟಿರಲಿಲ್ಲ. ಅವಳು ವೆಲ್ಷ್ ಮಾತಾಡುತ್ತಿದ್ದಳು. ನಾಲಿಗೆ ಸ್ವಲ್ಪ ತೊದಲುತ್ತಿತ್ತು, ಅಷ್ಟೇ. ಹುಟ್ಟಿದಂದಿನಿಂದ, ನಿನ್ನ ಅಪ್ಪನನ್ನು ಕಟ್ಟಿಕೊಂಡು ಅಮೆರಿಕದ ಹಡಗು ಹತ್ತುವವರೆಗೆ, ಇಪ್ಪತ್ತೆರಡು ವರ್ಷ ಆಡಿದ ಭಾಷೆ ಅದು. ಇಂಗ್ಲಿಷು ಆಮೇಲೆ ಬಂದದ್ದು, ಮೊದಲು ಹೋಯಿತು. ನಾವಿಬ್ಬರೂ ಪ್ರತಿಯೊಂದು ಮಾತನ್ನೂ ತಿಳಿದುಕೊಂಡೆವು. “ಕಿಟಕಿ ತೆಗೀರಿ, ಉಸಿರು ಕಟ್ಟತ್ತೆ” ಎಂದಳು. ಇನ್ನೊಂದು ಮಾತನ್ನು ಆರು ಸಲ ಹೇಳಿದ್ದಾಳೆ, ಮೇಗನ್ ಬೆರಳು ಮಡಚಿ ಎಣಿಸಿದಳು. “ಕೈಗೆ ಕಟ್ಟಿರೋದು ಬಿಗಿಯಾಗಿದೆ, ನೋಯ್ತಿದೆ. ಒಂಚೂರು ಸಡಿಲ ಮಾಡ್ರಮ್ಮ.” ಆರನೆಯ ಸಲ ಅಳುತ್ತಾ ಹೇಳಿದ್ದಾಳೆ. ಅದಕ್ಕೆ ನರ್ಸು, “ಆಯ್ತಜ್ಜಿ, ಆಯ್ತು, ಸುಮ್ನಿರಿ” ಎನ್ನುತ್ತಾಳೆ. ಆಮೇಲೆ ನಿದ್ದೆಯ ಮದ್ದು ಕೊಡುವ ಮಾತು ಕೇಳುತ್ತದೆ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿಗೂ ಈ ಮುದುಕಿಗೆ ಬೇರೊಂದು ಭಾಷೆ ಇರಬಹುದು ಎನ್ನಿಸಲಿಲ್ಲ. ಪೋಲೆಂಡಿನಿಂದಲೋ ಇಟಲಿಯಿಂದಲೋ ಬಂದವಳಾಗಿದ್ದರೆ ಯಾರನ್ನಾದರೂ ಹುಡುಕಿ ಕರೆತರುತ್ತಿದ್ದರು. ಆದರೆ ಆಸ್ಪತ್ರೆಯ ಕಾಗದದಲ್ಲೂ ನೀನು ಇಂಗ್ಲೆಂಡ್ ಎಂದೇ ಬರೆಸಿರಬೇಕು. ಇಂಗ್ಲೆಂಡಿನವಳಿಗೆ ಇಂಗ್ಲಿಷಲ್ಲದೆ ಇನ್ನೇನು ಬರುತ್ತದೆ? ನನಗೆ ಒಂದು ಫೋನು ಮಾಡಿ ಅವಳ ಕಿವಿಗೆ ಇಟ್ಟಿದ್ದರೆ ಸಾಕಿತ್ತು. ಅರ್ಧ ನಿಮಿಷದಲ್ಲಿ ಆ ಕಟ್ಟು ಬಿಚ್ಚಿಸುತ್ತಿದ್ದೆ. ‘ಯಾರಿಗೆ ಗೊತ್ತಾಗತ್ತೆ ಬಿಡಿ’ ಎಂದೆಯಲ್ಲ, ಯಾರಿಗೂ ಗೊತ್ತಾಗದೆ ಇದ್ದದ್ದಕ್ಕೆ ಅವಳು ಹಾಗೆ ನರಳಿದಳು.

ಬರೆಯಬಾರದಿತ್ತೇನೋ. ಮೇಗನ್ ಬೇಡವೆಂದಳು. “ಆ ಹುಡುಗ ತಾಯಿ ಕಳ್ಕೊಂಡಿದಾನೆ ಇಡ್ವಾಲ್, ಗಾಯಕ್ಕೆ ಉಪ್ಪು ಹಾಕ್ಬೇಡ” ಎಂದಳು. ಆದರೆ ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲು ನನ್ನಿಂದಾಗದು. ಸುಳ್ಳು ಬಿಟ್ಟ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ಐವತ್ತರಲ್ಲಿ ಅಕ್ಕ ನನಗೆ ಬರೆದಿದ್ದಳು, “ಇಲ್ಲಿ ಎಲ್ಲರೂ ನನ್ನನ್ನ ಇಂಗ್ಲಿಷಿನವಳು ಅಂತಾರೆ ಕಣೋ. ಮೊದಮೊದಲು ತಿದ್ದುತ್ತಿದ್ದೆ. ಈಗ ಸಾಕಾಗಿದೆ, ಹೂಂ ಅಂತೀನಿ.” ನನಗಾಗ ಇಪ್ಪತ್ತಮೂರು ವರ್ಷ, ತಲೆ ತುಂಬ ಬೆಂಕಿ. “ಹಾಗಿದ್ದರೆ ನನಗೂ ಇಂಗ್ಲಿಷಿನಲ್ಲೇ ಬರಿ, ನಮ್ಮ ಭಾಷೆಯನ್ನು ಯಾಕೆ ಮೈಲಿಗೆ ಮಾಡ್ತೀಯ” ಎಂದು ಉತ್ತರ ಹಾಕಿದೆ. ಅವಳು ಹಾಗೆಯೇ ಮಾಡಿದಳು. ನಲವತ್ತಾರು ವರ್ಷ ಇಂಗ್ಲಿಷಿನಲ್ಲೇ ಬರೆದಳು, ನಾನು ಒಮ್ಮೆಯೂ ಬೇಡ ಎನ್ನಲಿಲ್ಲ. ಅಷ್ಟು ದೂರ ಹೋದವಳಿಗೆ ವೆಲ್ಷಿನಲ್ಲಿ ಮಾತಿಗೆ ಉಳಿದಿದ್ದವನು ನಾನೊಬ್ಬನೇ. ಆ ಬಾಗಿಲನ್ನು ನಾನೇ ಮುಚ್ಚಿದೆ. ಅದಕ್ಕೇ ನಿನ್ನ ಮೇಲೆ ಇಷ್ಟು ಕೂಗಾಡುತ್ತಿದ್ದೇನೆಂದು ಮೇಗನ್ ಹೇಳುತ್ತಾಳೆ. ಅವಳು ಹೇಳುವುದು ಸರಿ, ಆದರೆ ನಿನ್ನ ಕಲ್ಲು ತಪ್ಪೇ.

ಆದ್ದರಿಂದ ಆ ಸಾಲನ್ನು ಉಜ್ಜಿ ತೆಗೆಸು. ಸಬೂಬು ಬೇಡ. ಕಲ್ಲು ಹಾಳಾಗುತ್ತದೆ ಎಂದರೆ ಹಾಳಾಗಲಿ. ಇಲ್ಲಿ ನಾನು ಸ್ಲೇಟಿನ ಒಂದು ಹಲಗೆಯ ಮೇಲೆ ಅವಳ ಹೆಸರನ್ನೂ ಗೆರ್ಲಾನ್ ಎಂಬ ಊರಿನ ಹೆಸರನ್ನೂ ಕೆತ್ತುತ್ತಿದ್ದೇನೆ. ಈ ವಯಸ್ಸಿಗೆ ದಿನಕ್ಕೆ ಎರಡಕ್ಷರವಾದರೆ ಹೆಚ್ಚು. ಏಪ್ರಿಲ್ ಕೊನೆಗೆ ಕಳಿಸುತ್ತೇನೆ, ಅವಳ ತಲೆಯ ಹತ್ತಿರ ಹೂಳಿ ನಿಲ್ಲಿಸು. ನಿನ್ನ ಹೆಂಡತಿಗೆ ನಮ್ಮ ನೆನಪು ಹೇಳು, ಮಕ್ಕಳ ತಲೆ ಸವರು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ, ನನ್ನ ಬಾಯಿ ಎಷ್ಟೇ ಕೆಟ್ಟದಿದ್ದರೂ.

ಇತಿ ನಿನ್ನ ಸೋದರಮಾವ,
ಇಡ್ವಾಲ್

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲನ್ನು ಕೇಳುವ ಧೈರ್ಯ ನನಗಿರಲಿಲ್ಲ, ಮೇಗನ್ ಈಗಷ್ಟೇ ಹಾಕಿದಳು. ಅದರಲ್ಲಿ ಅಕ್ಕ ನಿನ್ನ ಬಗ್ಗೆಯೇ ಮಾತಾಡಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. “ನನ್ನ ಮಗ ಬೆಳಗಿಂದ ಇಲ್ಲೇ ಕೂತಿದಾನೆ, ಯಾರೂ ಅವನಿಗೆ ತಿನ್ನೋಕೆ ಏನೂ ಕೊಟ್ಟಿಲ್ಲ. ಅವನ ಬೆನ್ನಿಗೆ ಈ ಕುರ್ಚಿ ಆಗಲ್ಲ. ಕರ್ಟಿಸ್, ಮನೆಗೆ ಹೋಗಿ ಮಲಕ್ಕೋ ಕಂದ, ನಾನೆಲ್ಲೂ ಹೋಗಲ್ಲ.” ಅದಕ್ಕೆ ನೀನು, “ಸರಿ ಅಮ್ಮಾ, ಸರಿ” ಎಂದಿದ್ದೀಯ. ಆಮೇಲೆ ಟೇಪು ಮುಗಿಯುವವರೆಗೂ ನೀನು ಕುರ್ಚಿಯಿಂದ ಎದ್ದ ಸದ್ದಿಲ್ಲ.